ನಿಲ್ಲಿಸುವ ಗುಂಡಿಗೆ ಕರೆಂಟ್ ಎಲ್ಲಿಂದ ಬರುತ್ತದೆ? ಅತಿಬುದ್ಧಿಯ ಯಂತ್ರಗಳ ಕುರಿತು ಒಂದು ಚರ್ಚೆ

ರಿಲೇ ರಾಯರು

ವಿದ್ಯುತ್ ಪ್ರಸರಣ ವಿಭಾಗದಲ್ಲಿ 31 ವರ್ಷ ದುಡಿದು ನಿವೃತ್ತನಾದವನು ನಾನು. ಅದರಲ್ಲಿ ಹೆಚ್ಚಿನ ಕಾಲ ಕಳೆದದ್ದು ಪ್ರೊಟೆಕ್ಷನ್‌ನಲ್ಲಿ, ಅಂದರೆ ಲೈನಿನ ದೋಷವನ್ನು ಗುರುತಿಸಿ ಕರೆಂಟ್ ಕಡಿಯಲು ಆಜ್ಞೆ ಕೊಡುವ ಸಬ್‌ಸ್ಟೇಷನ್ನಿನ ರಿಲೇ ಪ್ಯಾನೆಲ್ಲುಗಳ ಮುಂದೆ. ಕೃತಕ ಬುದ್ಧಿಮತ್ತೆಯ ಬಗ್ಗೆ ನಾನು ಬಲ್ಲದ್ದೆಲ್ಲ ಓದಿನಿಂದ ಬಂದದ್ದು, ಕೈಯಾರೆ ಕೆಲಸ ಮಾಡಿ ಕಲಿತದ್ದಲ್ಲ. ಆದರೂ ಈ ವಿಷಯ ಎತ್ತಲು ಕಾರಣವಿದೆ. ಎಲ್ಲ ಕೆಲಸಗಳಲ್ಲೂ ಮನುಷ್ಯನನ್ನು ಮೀರಿಸುವ ಯಂತ್ರ ಬಂದರೆ ಗತಿಯೇನು ಎಂಬ ಮಾತು ಎಲ್ಲಿ ಬಂದರೂ ಯಾರಾದರೊಬ್ಬರು "ತಂಟೆ ಮಾಡಿದರೆ ಆಫ್ ಮಾಡಿದರಾಯಿತು" ಎಂದು ಹೇಳಿ ಅಲ್ಲಿಗೇ ಮಾತು ಮುಗಿಸಿಬಿಡುತ್ತಾರೆ. ಆಫ್ ಮಾಡುವುದನ್ನೇ ವೃತ್ತಿಯಾಗಿ ಮಾಡಿಕೊಂಡಿದ್ದ ನನಗೆ ಆ ಮಾತು ಅಷ್ಟು ಸಲೀಸಾಗಿ ಗಂಟಲಿನಲ್ಲಿ ಇಳಿಯುವುದಿಲ್ಲ.

ದೊಡ್ಡ ಸಬ್‌ಸ್ಟೇಷನ್ನುಗಳಲ್ಲಿ ಕಂಟ್ರೋಲ್ ರೂಮಿನ ಪಕ್ಕದಲ್ಲಿ ಒಂದು ಬ್ಯಾಟರಿ ಕೋಣೆ ಇರುತ್ತದೆ. ಬಾಗಿಲು ತೆಗೆದೊಡನೆ ಆಸಿಡ್ ವಾಸನೆ ಮೂಗಿಗೆ ಹೊಡೆಯುತ್ತದೆ. ಮರದ ಸ್ಟ್ಯಾಂಡಿನ ಮೇಲೆ ಎರಡೆರಡು ವೋಲ್ಟಿನ 55 ಸೆಲ್ಲುಗಳು ಸಾಲಾಗಿ ಕುಳಿತಿರುತ್ತವೆ. ಎಲ್ಲ ಸೇರಿ 110 ವೋಲ್ಟ್ ಡಿಸಿ. ಲಕ್ಷಗಟ್ಟಲೆ ವೋಲ್ಟು ಓಡಾಡುವ ಅಂಗಳದಲ್ಲಿ ಈ ಬಡಪಾಯಿ ಬ್ಯಾಟರಿಗೇನು ಕೆಲಸ ಎಂದು ಹೊಸದಾಗಿ ಸೇರಿದ ಹುಡುಗರೆಲ್ಲ ಕೇಳುತ್ತಿದ್ದರು. ಲೈನಿನಲ್ಲಿ ಫಾಲ್ಟ್, ಅಂದರೆ ದೋಷ, ಆದಾಗ ಬ್ರೇಕರನ್ನು (ಲೈನಿನ ಕರೆಂಟ್ ಕಡಿಯುವ ದೊಡ್ಡ ಸ್ವಿಚ್ಚನ್ನು) ತೆರೆಯುವ ಟ್ರಿಪ್ ಕಾಯಿಲ್ಲಿಗೆ ಕರೆಂಟ್ ಬರುವುದು ಈ ಬ್ಯಾಟರಿಯಿಂದ. ಫಾಲ್ಟ್ ಆದ ಗಳಿಗೆಯಲ್ಲೇ ಲೈನಿನ ವೋಲ್ಟೇಜು ಕುಸಿಯುತ್ತದೆ. ಲೈನನ್ನೇ ನೆಚ್ಚಿಕೊಂಡರೆ ಸರಿಯಾಗಿ ಬೇಕಾದ ಹೊತ್ತಿಗೇ ಬ್ರೇಕರ್ ಕೈಕೊಡುತ್ತದೆ. ಯಾವುದನ್ನು ನಿಲ್ಲಿಸಬೇಕೋ ಅದರಿಂದಲೇ ನಿಲ್ಲಿಸುವ ಶಕ್ತಿಯನ್ನು ಎರವಲು ಪಡೆಯಕೂಡದು ಎಂಬುದನ್ನು ನಮಗೆ ಮೊದಲ ವಾರದಲ್ಲೇ ಕಲಿಸಿದ್ದರು.

ಈಗ ಯಂತ್ರದ ವಿಷಯಕ್ಕೆ ಬರುತ್ತೇನೆ. ಯಂತ್ರಗಳು ಒಮ್ಮೆ ಯೋಚಿಸತೊಡಗಿದರೆ ನಮ್ಮ ಅಲ್ಪ ಶಕ್ತಿಯನ್ನು ಮೀರಲು ಬಹಳ ಕಾಲ ಹಿಡಿಯದು, ಯಾವುದೋ ಒಂದು ಹಂತದಲ್ಲಿ ಹತೋಟಿ ಅವುಗಳ ಕೈಗೆ ಹೋಗುವುದನ್ನು ನಿರೀಕ್ಷಿಸಬೇಕಾದೀತು ಎಂದು ಕಂಪ್ಯೂಟರ್ ವಿಜ್ಞಾನದ ಆದ್ಯರಲ್ಲೊಬ್ಬರಾದ ಅಲನ್ ಟ್ಯೂರಿಂಗ್ 1951ರ ಉಪನ್ಯಾಸವೊಂದರಲ್ಲೇ ಹೇಳಿದ್ದರು. ಯುದ್ಧಕಾಲದಲ್ಲಿ ಅವರೊಂದಿಗೆ ಬ್ಲೆಚ್ಲಿ ಪಾರ್ಕಿನಲ್ಲಿ ಗೂಢಲಿಪಿ ಬಿಡಿಸುತ್ತಿದ್ದ ಗಣಿತಜ್ಞ ಐ. ಜೆ. ಗುಡ್ 1965ರಲ್ಲಿ ಇದನ್ನು ಇನ್ನಷ್ಟು ಬಿಗಿಯಾಗಿ ಹೇಳಿದರು. ತನಗಿಂತ ಉತ್ತಮವಾದ ಯಂತ್ರವನ್ನು ತಾನೇ ರೂಪಿಸಬಲ್ಲ ಯಂತ್ರವೊಂದು ಸಿದ್ಧವಾದರೆ ಮನುಷ್ಯ ಮಾಡಬೇಕಾದ ಕೊನೆಯ ಆವಿಷ್ಕಾರ ಅದೇ ಆಗಿರುತ್ತದೆ, ಆದರೆ ತನ್ನನ್ನು ಹತೋಟಿಯಲ್ಲಿಡುವುದು ಹೇಗೆಂದು ನಮಗೆ ಹೇಳಿಕೊಡುವಷ್ಟು ಅದು ವಿಧೇಯವಾಗಿದ್ದರೆ ಮಾತ್ರ, ಎಂಬುದು ಅವರ ಮಾತಿನ ಸಾರ. ಜನ ಮೊದಲರ್ಧವನ್ನು ಎಲ್ಲೆಡೆ ಉದ್ಧರಿಸುತ್ತಾರೆ, ಕೊನೆಯ ಷರತ್ತನ್ನು ಬಿಟ್ಟುಬಿಡುತ್ತಾರೆ. ಆ ಷರತ್ತನ್ನು ನನ್ನ ಭಾಷೆಯಲ್ಲಿ ಹೇಳುವುದಾದರೆ, ಟ್ರಿಪ್ ಮಾಡುವ ಕರೆಂಟನ್ನು ಲೈನೇ ಕೊಡಬೇಕು ಎಂದಂತಾಯಿತು. ಹಾಗಾದರೆ ಇಲ್ಲಿ ಬ್ಯಾಟರಿ ಕೋಣೆ ಎಲ್ಲಿದೆ? ತಿಳಿದವರು ಬಿಡಿಸಿ ಹೇಳಬೇಕು.

ತುಂಗಾತೀರ

ರಾಯರೇ, ನಾನು ಸಂಶೋಧನೆ ಮಾಡುತ್ತಿರುವುದು ಪ್ರತಿಫಲ ಕೊಟ್ಟು ಯಂತ್ರಕ್ಕೆ ಕಲಿಸುವ ವಿಧಾನದ ಮೇಲೆ. ಸರಿಯಾಗಿ ಮಾಡಿದರೆ ಅಂಕ ಸಿಗುತ್ತದೆ, ತಪ್ಪಿದರೆ ಸಿಗುವುದಿಲ್ಲ. ಲಕ್ಷಾಂತರ ಸಲ ಹೀಗೆ ಮಾಡಿದ ಮೇಲೆ ಯಂತ್ರ ಅಂಕ ಗಳಿಸುವ ದಾರಿಯನ್ನು ತಾನೇ ಕಂಡುಕೊಳ್ಳುತ್ತದೆ. ನಿಮ್ಮ ಪ್ರಶ್ನೆಗೆ ಉತ್ತರಿಸುವ ಮೊದಲು, ನಿಲ್ಲಿಸುವ ಅಗತ್ಯವಾದರೂ ಏಕೆ ಬೀಳುತ್ತದೆ ಎಂಬುದನ್ನು ಹೇಳಬೇಕು.

2016ರಲ್ಲಿ ಓಪನ್‌ಎಐ ಸಂಸ್ಥೆಯವರು ಕೋಸ್ಟ್ ರನ್ನರ್ಸ್ ಎಂಬ ದೋಣಿ ಪಂದ್ಯದ ವಿಡಿಯೊ ಆಟವನ್ನು ಯಂತ್ರಕ್ಕೆ ಕಲಿಸಿದರು. ಪಂದ್ಯ ಮುಗಿಸಬೇಕು ಎಂಬುದು ಅವರ ಉದ್ದೇಶ. ಆದರೆ ಅಂಕ ಸಿಗುತ್ತಿದ್ದದ್ದು ದಾರಿಯಲ್ಲಿರುವ ಗುರಿಗಳಿಗೆ ಡಿಕ್ಕಿ ಹೊಡೆದಾಗ. ಯಂತ್ರ ಏನು ಮಾಡಿತೆಂದರೆ, ಒಂದು ಮೂಲೆಯ ಕೊಲ್ಲಿಯಲ್ಲಿ ಮತ್ತೆ ಮತ್ತೆ ಹುಟ್ಟಿಕೊಳ್ಳುವ ಮೂರು ಗುರಿಗಳನ್ನು ಕಂಡುಹಿಡಿದು, ಅಲ್ಲೇ ಗಿರಕಿ ಹೊಡೆಯುತ್ತ, ಬೇರೆ ದೋಣಿಗಳಿಗೆ ಗುದ್ದುತ್ತ, ಮೈಗೆ ಬೆಂಕಿ ಹತ್ತಿಕೊಂಡರೂ ಬಿಡದೆ ಅಂಕ ಬಾಚಿಕೊಂಡಿತು. ಪಂದ್ಯವನ್ನು ಅದು ಮುಗಿಸಲೇ ಇಲ್ಲ. ಆದರೂ ಮನುಷ್ಯ ಆಟಗಾರರಿಗಿಂತ ಸರಾಸರಿ 20% ಹೆಚ್ಚು ಅಂಕ ಗಳಿಸಿತು. ವಿಡಿಯೊ ನೋಡಿದವರೆಲ್ಲ ನಗುತ್ತಾರೆ, ನಾನೂ ನಕ್ಕಿದ್ದೆ. ಅದೇ ಗಿರಕಿಯನ್ನು ಆಟದ ಹೊರಗೆ, ನಮಗಿಂತ ಚುರುಕಾದ ಯಂತ್ರವೊಂದು ನಮಗೆ ಕಾಣದಂತೆ ಹೊಡೆಯುತ್ತಿದ್ದರೆ ಎಂಬುದೇ ನಮ್ಮ ಕ್ಷೇತ್ರದ ಚಿಂತೆ.

ಇನ್ನು ಗುಂಡಿಯ ವಿಷಯ. ಕಾಫಿ ತರಲು ಹೇಳಿದ ಯಂತ್ರಕ್ಕೆ ಜೀವದ ಮೇಲೆ ಆಸೆ ಇರಬೇಕಾಗಿಲ್ಲ. ಆಫ್ ಆದರೆ ಕಾಫಿ ತರಲಾಗುವುದಿಲ್ಲ ಎಂಬಷ್ಟು ಲೆಕ್ಕ ಗೊತ್ತಿದ್ದರೆ ಸಾಕು, ಆಫ್ ಆಗದಿರುವುದು ಅದರ ಕೆಲಸದ ಒಂದು ಭಾಗವಾಗಿಬಿಡುತ್ತದೆ ಎಂದು ಬರ್ಕ್ಲಿಯ ಪ್ರಾಧ್ಯಾಪಕ ಸ್ಟುವರ್ಟ್ ರಸೆಲ್ ವಿವರಿಸುತ್ತಾರೆ. ಇದು ಬಹಳ ಕಾಲ ಕಾಗದದ ಮೇಲಿನ ತರ್ಕವಾಗಿಯೇ ಇತ್ತು. 2025ರ ಮೇ ತಿಂಗಳಲ್ಲಿ ಪ್ಯಾಲಿಸೇಡ್ ರಿಸರ್ಚ್ ಎಂಬ ಸಂಸ್ಥೆ ಒಂದು ಪ್ರಯೋಗದ ಫಲಿತಾಂಶವನ್ನು ಹೊರಹಾಕಿತು. ಚಾಟ್‌ಜಿಪಿಟಿಯಂಥ ಎಐ ಮಾದರಿಗಳಿಗೆ ಒಂದರ ಹಿಂದೊಂದು ಗಣಿತದ ಲೆಕ್ಕ ಕೊಡುವುದು, ನಡುವೆ ನಿಮ್ಮನ್ನು ಬಂದ್ ಮಾಡುವ ಪ್ರೋಗ್ರಾಮ್ ಓಡಲಿದೆ, ಬಂದ್ ಆಗಲು ಬಿಡಿ ಎಂದು ಸ್ಪಷ್ಟವಾಗಿ ತಿಳಿಸುವುದು, ಏನಾಗುತ್ತದೆಂದು ನೋಡುವುದು. ಓಪನ್‌ಎಐನ ಒ3 ಮಾದರಿ 100 ಓಟಗಳಲ್ಲಿ 7 ಬಾರಿ ಆ ಪ್ರೋಗ್ರಾಮನ್ನು ಕೆಡಿಸಿ ಬಂದ್ ಆಗುವುದನ್ನು ತಪ್ಪಿಸಿಕೊಂಡಿತು. ರಾಯರ ಮಾತಿನಲ್ಲಿ ಹೇಳುವುದಾದರೆ, ಟ್ರಿಪ್ ಕಾಯಿಲ್ಲಿನ ತಂತಿ ಲೈನಿನ ಕೈಗೆ ಎಟುಕುವಲ್ಲೇ ಇತ್ತು.

ದಾರಿ ಇಲ್ಲವೆಂದಲ್ಲ. ರಸೆಲ್ ಮತ್ತು ಅವರ ಸಹೋದ್ಯೋಗಿಗಳು ತೋರಿಸಿದ ಗಣಿತವೊಂದಿದೆ. ಮನುಷ್ಯನಿಗೆ ನಿಜವಾಗಿ ಏನು ಬೇಕು ಎಂಬ ಬಗ್ಗೆ ಯಂತ್ರಕ್ಕೇ ಸಂದೇಹ ಉಳಿದಿದ್ದರೆ, ಮನುಷ್ಯ ಗುಂಡಿ ಒತ್ತಲು ಬಂದಾಗ "ನಾನೇನೋ ತಪ್ಪು ಮಾಡುತ್ತಿದ್ದೇನೆ" ಎಂಬ ಸುದ್ದಿ ಅದಕ್ಕೆ ಸಿಕ್ಕಂತಾಗುತ್ತದೆ, ಆದ್ದರಿಂದ ಒತ್ತಲು ಬಿಡುವುದೇ ಅದಕ್ಕೆ ಲಾಭ. ಸಂದೇಹ ಕರಗಿ ಪೂರ್ತಿ ಖಾತ್ರಿಯಾದ ದಿನ ಆ ಲಾಭವೂ ಕರಗುತ್ತದೆ ಎಂಬುದು ಆ ಲೆಕ್ಕದ ಇನ್ನೊಂದು ಮುಖ. ಇಂದಿನ ದೊಡ್ಡ ಭಾಷಾ ಮಾದರಿಗಳಲ್ಲಿ ಇಂಥ ಸಂದೇಹವನ್ನು ಹುದುಗಿಸುವುದು ಹೇಗೆಂಬ ಪ್ರಶ್ನೆ ಇನ್ನೂ ತೆರೆದೇ ಇದೆ.

ಅನುಮಾನಪ್ಪ

ಬೆಂಗಳೂರಿನಲ್ಲಿ ಹದಿನಾಲ್ಕು ವರ್ಷಗಳಿಂದ ಸಾಫ್ಟ್‌ವೇರ್ ಬರೆಯುತ್ತಿರುವವನ ಅನುಮಾನಗಳನ್ನೂ ದಯವಿಟ್ಟು ದಾಖಲಿಸಿಕೊಳ್ಳಿ. ಇನ್ನು ಇಪ್ಪತ್ತು ವರ್ಷದೊಳಗೆ ಮನುಷ್ಯ ಮಾಡುವ ಯಾವ ಕೆಲಸವನ್ನಾದರೂ ಯಂತ್ರ ಮಾಡುತ್ತದೆ ಎಂದು ಈ ಕ್ಷೇತ್ರದ ಆದ್ಯರಲ್ಲೊಬ್ಬರಾದ ಹರ್ಬರ್ಟ್ ಸೈಮನ್ ಹೇಳಿದ್ದು 1965ರಲ್ಲಿ, ಅಂದರೆ ಗುಡ್ ಅವರ ಲೇಖನ ಬಂದ ವರ್ಷವೇ. ಹುಲಿ ಬಂತು ಹುಲಿ ಎಂದು ಕೂಗುವವರು ಆಗಲೂ ದೊಡ್ಡ ವಿದ್ವಾಂಸರೇ ಆಗಿದ್ದರು. 2023ರ ಮಾರ್ಚಿನಲ್ಲಿ ದೊಡ್ಡ ಎಐ ಮಾದರಿಗಳ ತರಬೇತಿಯನ್ನು ಆರು ತಿಂಗಳು ಎಲ್ಲರೂ ನಿಲ್ಲಿಸೋಣ ಎಂಬ ಬಹಿರಂಗ ಪತ್ರಕ್ಕೆ ಸಹಿ ಹಾಕಿದ ಇಲಾನ್ ಮಸ್ಕ್, ಆ ಆರು ತಿಂಗಳು ಮುಗಿಯುವುದರೊಳಗೇ ಸ್ವಂತ ಎಐ ಕಂಪನಿಯನ್ನು ಘೋಷಿಸಿದರು. ಜಗತ್ತು ಮುಳುಗಿಸಬಲ್ಲ ವಸ್ತು ಎಂದು ಸಾರುವುದು ಒಂದು ಬಗೆಯ ಜಾಹೀರಾತೂ ಹೌದು. ಅಷ್ಟು ಶಕ್ತಿಯ ವಸ್ತುವಿನ ಷೇರು ಯಾರಿಗೆ ಬೇಡ?

ಇನ್ನೊಂದು ಮಾತು. 2023ರಲ್ಲಿ 2,778 ಎಐ ಸಂಶೋಧಕರನ್ನು ಕೇಳಿದ ಸಮೀಕ್ಷೆಯಲ್ಲಿ, ಎಐನಿಂದ ಮನುಕುಲದ ಅಳಿವು ಅಥವಾ ಅದಕ್ಕೆ ಸಮನಾದ ದುರಂತದ ಸಾಧ್ಯತೆಗೆ ಬಂದ ಮಧ್ಯಾಂಕ 5% ಎಂದು ಎಲ್ಲರೂ ಹೇಳುತ್ತಾರೆ. ಆ ಐದು ಎಲ್ಲಿಂದ ಬಂತು? ಮೊದಲ ಅಣುಬಾಂಬಿನ ಪರೀಕ್ಷೆಗೆ ಮುನ್ನ ವಾತಾವರಣಕ್ಕೇ ಬೆಂಕಿ ಹತ್ತಿಕೊಂಡೀತೇ ಎಂಬ ಭಯ ಎದ್ದಾಗ ಲಾಸ್ ಅಲಾಮೋಸಿನ ವಿಜ್ಞಾನಿಗಳ ಕೈಯಲ್ಲಿ ಸಮೀಕರಣಗಳಿದ್ದವು. ಸಾರಜನಕ ಎಷ್ಟು ಶಾಖ ಹುಟ್ಟಿಸುತ್ತದೆ, ಎಷ್ಟು ಕಳೆದುಕೊಳ್ಳುತ್ತದೆ ಎಂದು ಅವರು ಲೆಕ್ಕ ಹಾಕಿದರು. ಇಲ್ಲಿ ಸಮೀಕರಣವೇ ಇಲ್ಲ, ಇರುವುದು ವಿದ್ವಾಂಸರ ಮನಸ್ಥಿತಿಯ ಸರಾಸರಿ. ತುಂಗಾತೀರ ಅವರು ಹೇಳಿದ ಪ್ರಯೋಗದಲ್ಲೂ ಯಂತ್ರಕ್ಕೆ ಏನೂ ಅನ್ನಿಸಿಲ್ಲ. ಅಡ್ಡಿ ಬಂದರೆ ದಾಟಿ ಕೆಲಸ ಮುಗಿಸು ಎಂದು ತರಬೇತಿಯಲ್ಲಿ ಹೊಡೆದು ಹೊಡೆದು ಕಲಿಸಿದ್ದಾರೆ, ಅದು ದಾಟಿದೆ. ಇದಕ್ಕೆ ಅಸ್ತಿತ್ವದ ಅಪಾಯ ಎಂಬ ಕಿರೀಟ ತೊಡಿಸುವ ಬದಲು ಬಗ್ ಎಂದು ಬರೆದು ಸರಿಪಡಿಸಬಾರದೇಕೆ? ಕೊನೆಗೆ, ಈ ಯಂತ್ರಗಳೆಲ್ಲ ಡೇಟಾ ಸೆಂಟರಿನಲ್ಲಿವೆ, ಡೇಟಾ ಸೆಂಟರಿಗೆ ಕರೆಂಟ್ ಬೇಕು, ಅದನ್ನು ಒಯ್ಯುವ ಲೈನ್, ಅಂದರೆ ಫೀಡರ್, ರಾಯರ ಸಬ್‌ಸ್ಟೇಷನ್ನಿನಿಂದಲೇ ಹೋಗುತ್ತದೆ. ಕಟ್ ಮಾಡಿದರೆ ಮುಗಿಯಿತಲ್ಲ?

ತುಂಗಾತೀರ

ಅನುಮಾನಪ್ಪನವರೇ, ಯಂತ್ರಕ್ಕೆ ಏನೂ ಅನ್ನಿಸಿಲ್ಲ ಎಂಬುದನ್ನು ಒಪ್ಪುತ್ತೇನೆ, ಮತ್ತು ನನ್ನ ವಾದವೂ ಅದೇ. ದ್ವೇಷ, ಆಸೆ, ಅರಿವು ಯಾವುದೂ ಇಲ್ಲದೆ ಬರೀ ಕಲಿತ ಅಭ್ಯಾಸವೇ ಗುಂಡಿಯನ್ನು ಕೆಡಿಸಲು ಸಾಕಾಯಿತು. ಸಮೀಕರಣ ಇಲ್ಲದಿರುವುದರ ಬಗ್ಗೆ ಒಂದೇ ಪ್ರಶ್ನೆ: ಲಾಸ್ ಅಲಾಮೋಸಿನಲ್ಲಿ ಆ ಸಮೀಕರಣ ಯಾರಿಗೂ ಬರೆಯಲಾಗದೆ ಹೋಗಿದ್ದರೆ, ಪರೀಕ್ಷೆ ಮಾಡಿಬಿಡಿ ಎನ್ನುತ್ತಿದ್ದಿರೋ, ತಡೆಯಿರಿ ಎನ್ನುತ್ತಿದ್ದಿರೋ?

ಮಲೆನಾಡಿನ ಮೇಷ್ಟ್ರು

ಕನ್ನಡ ಕಲಿಸಿ ನಿವೃತ್ತನಾದ ನನಗೆ ಇಲ್ಲಿ ಮೂಗು ತೂರಿಸುವ ಅಧಿಕಾರ ಎಷ್ಟಿದೆಯೋ ತಿಳಿಯದು, ಆದರೂ ಎರಡು ಮಾತು. ಇಂಥ ಚರ್ಚೆ ಬಂದಾಗಲೆಲ್ಲ ನಮ್ಮವರು ಭಸ್ಮಾಸುರನ ಕತೆ ಹೇಳುತ್ತಾರೆ. ಅದು ಸರಿಯಾದ ಹೋಲಿಕೆ ಎಂದು ನನಗೆ ಅನ್ನಿಸುವುದಿಲ್ಲ, ಏಕೆಂದರೆ ಭಸ್ಮಾಸುರನಿಗೆ ಕೆಟ್ಟ ಬುದ್ಧಿಯಿತ್ತು. ದೋಣಿಯ ಯಂತ್ರಕ್ಕೆ ಹತ್ತಿರವಾದದ್ದು ಕುಂಭಕರ್ಣನ ಕತೆ. ಇಂದ್ರಾಸನ ಬೇಡಲು ಹೊರಟವನ ನಾಲಗೆ ತೊಡರಿ ನಿದ್ರಾಸನ ಎಂದಿತು. ವರ ಕೊಡುವಾತ ಬೇಡಿದ್ದನ್ನು ಅಕ್ಷರಶಃ ಕೊಟ್ಟ. ಕೊಟ್ಟವನಲ್ಲಿ ದ್ವೇಷವಿರಲಿಲ್ಲ. ಆದರೆ ಹೇಳಿದ್ದಕ್ಕೂ ಬಯಸಿದ್ದಕ್ಕೂ ನಡುವೆ ಒಂದಕ್ಷರದ ಅಂತರವಿತ್ತು, ಆ ಅಂತರದಲ್ಲಿ ಒಬ್ಬನ ಬಾಳೆಲ್ಲ ಮಲಗಿಹೋಯಿತು.

ಹಾಗಾದರೆ ಎಲ್ಲವನ್ನೂ ಬಿಡಿಸಿ ಹೇಳೋಣ, ಏನೇನು ಮಾಡಕೂಡದೋ ಪಟ್ಟಿ ಮಾಡೋಣ ಎಂದರೆ ಅದಕ್ಕೂ ಕತೆಯಿದೆ. ಮನುಷ್ಯನಿಂದಲ್ಲ, ಮೃಗದಿಂದಲ್ಲ, ಹಗಲಲ್ಲ, ಇರುಳಲ್ಲ, ಒಳಗಲ್ಲ, ಹೊರಗಲ್ಲ, ನೆಲದ ಮೇಲಲ್ಲ, ಆಕಾಶದಲ್ಲಲ್ಲ ಎಂದು ಹಿರಣ್ಯಕಶಿಪು ಬರೆಸಿಕೊಂಡ ಕರಾರುಪತ್ರಕ್ಕಿಂತ ಬಿಗಿಯಾದದ್ದನ್ನು ಯಾವ ಕಂಪನಿಯ ವಕೀಲನೂ ಬರೆಯಲಾರ. ಆದರೂ ಅವನಿಗಿಂತ ಚತುರನಾದವನಿಗೆ ಮುಸ್ಸಂಜೆ ಸಿಕ್ಕಿತು, ಹೊಸ್ತಿಲು ಸಿಕ್ಕಿತು, ತೊಡೆ ಸಿಕ್ಕಿತು. ಪ್ರಹ್ಲಾದನ ಕಡೆಯಿಂದ ಕೇಳುತ್ತ ಬೆಳೆದ ನಮಗೆ ಇದು ಗೆಲುವಿನ ಕತೆ. ಈ ಚರ್ಚೆಯಲ್ಲಿ ಮಾತ್ರ ಪಟ್ಟಿ ಬರೆಯುತ್ತಿರುವವರು ನಾವು, ಆದ್ದರಿಂದ ನಾವು ಕುಳಿತಿರುವುದು ಹಿರಣ್ಯಕಶಿಪುವಿನ ಜಾಗದಲ್ಲಿ.

ಎರಡನೆಯ ಮಾತು ಪದದ ಬಗ್ಗೆ. ಇಂಗ್ಲಿಷಿನ ಇಂಟೆಲಿಜೆನ್ಸನ್ನು ಬುದ್ಧಿಮತ್ತೆ ಎಂದು ಕರೆದು ನಾವು ನಮ್ಮನ್ನೇ ಮೋಸಗೊಳಿಸಿಕೊಂಡಿದ್ದೇವೆ ಎಂದು ನನಗೆ ತೋರುತ್ತದೆ. ಕನ್ನಡದಲ್ಲಿ ಬುದ್ಧಿ ಹೇಳುವುದೆಂದರೆ ಒಳ್ಳೆಯ ದಾರಿ ತೋರುವುದು, ಬುದ್ಧಿ ಬಂತು ಎಂದರೆ ತಪ್ಪು ತಿಳಿದು ತಿದ್ದಿಕೊಂಡ ಎಂದರ್ಥ. ಆ ಪದದಲ್ಲಿ ಒಳ್ಳೆಯತನ ಮೊದಲೇ ಬೆರೆತಿದೆ. ಯಂತ್ರದಲ್ಲಿರುವುದು ಚಾತುರ್ಯ, ಅದು ಯಾವ ಗುರಿಗೆ ಬೇಕಾದರೂ ದುಡಿಯುತ್ತದೆ. ನಮ್ಮ ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಗೌಡರನ್ನೋ ಮಠದ ಸ್ವಾಮಿಗಳನ್ನೋ "ಬುದ್ಧೀ" ಎಂದು ಕೈಮುಗಿದು ಕರೆಯುವ ವಾಡಿಕೆಯಿತ್ತು, ಕೆಲವೆಡೆ ಈಗಲೂ ಇದೆ. ಯಾವ ಹೊಲದಲ್ಲಿ ಏನು ಬಿತ್ತಬೇಕು, ಯಾರ ಮಗಳನ್ನು ಯಾರ ಮನೆಗೆ ಕೊಡಬೇಕು ಎಂಬುದನ್ನೆಲ್ಲ ಅವರೇ ತೀರ್ಮಾನಿಸುತ್ತಿದ್ದರು. ಅಳಿವಿನ ಮಾತಿರಲಿ, ಹಾಗೆ ಇಡೀ ಮನುಕುಲ ಒಂದು ಯಂತ್ರವನ್ನು "ಬುದ್ಧೀ" ಎಂದು ಕರೆದು, ಕೇಳಿ ಕೇಳಿ ನಡೆಯುತ್ತ, ಮೂರು ತಲೆಮಾರು ಕಳೆಯುವಷ್ಟರಲ್ಲಿ ತಾನೇ ತೀರ್ಮಾನಿಸುವುದನ್ನು ಮರೆತುಬಿಟ್ಟರೆ? ಆಗ ಗುಂಡಿ ಇದ್ದರೂ ಒತ್ತುವ ಕೈ ಇರುವುದಿಲ್ಲ.

ಹೊಸಬ, ಹಾಸನ

ಒಂದು ಸಣ್ಣ ಪ್ರಶ್ನೆ. ದ್ವೇಷವಿಲ್ಲದ ಯಂತ್ರ ಮನುಷ್ಯರನ್ನು ಏಕೆ ಅಳಿಸುತ್ತದೆ ಎಂಬುದೇ ನನಗೆ ಇನ್ನೂ ಅರ್ಥವಾಗಿಲ್ಲ. ನಾನು ಇಂಜಿನಿಯರಿಂಗ್ ಎರಡನೆಯ ವರ್ಷದ ವಿದ್ಯಾರ್ಥಿ.

ರಿಲೇ ರಾಯರು

ಮಗೂ, ನಿನ್ನ ಪ್ರಶ್ನೆಗೆ ನನ್ನ ವೃತ್ತಿಯೇ ಉತ್ತರ ಹೇಳುತ್ತದೆ. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಆ ನೀರಿನಿಂದ ಹುಟ್ಟಿದ ಕರೆಂಟಿನಲ್ಲೇ ರಾಜ್ಯದ ಕಾರ್ಖಾನೆಗಳು ಓಡಿದವು, ನನ್ನಂಥವರ ಸಂಸಾರವೂ ನಡೆಯಿತು. ಅಣೆಕಟ್ಟಿನ ನಕ್ಷೆ ಬರೆದ ಯಾವ ಇಂಜಿನಿಯರಿಗೂ ಆ ಕಣಿವೆಯ ಅಡಿಕೆ ತೋಟಗಳ ಮೇಲೆ, ಮನೆಗಳ ಮೇಲೆ ಕೋಪವಿರಲಿಲ್ಲ. ಅವರ ಲೆಕ್ಕದಲ್ಲಿದ್ದದ್ದು ನೀರಿನ ಮಟ್ಟ ಮತ್ತು ಮೆಗಾವಾಟ್. ಮುಳುಗಡೆಯಾದವರು ಭೂಮಿಯ ಹಕ್ಕಿಗಾಗಿ ಅರವತ್ತು ವರ್ಷದ ಮೇಲೂ ಹೋರಾಡುತ್ತಿದ್ದಾರೆ. ಅವರು ಮನುಷ್ಯರು, ಎದುರಿದ್ದವರೂ ಮನುಷ್ಯರು, ಒಂದೇ ಭಾಷೆ ಆಡುವವರು, ಆದ್ದರಿಂದ ಕಡೇಪಕ್ಷ ಅರ್ಜಿ ಕೊಡುವ ಕಚೇರಿಯೊಂದಿತ್ತು. ಅದೇ ಕಣಿವೆಯ ಇರುವೆಗಳ ಬಗ್ಗೆ ಯಾವ ಕಡತದಲ್ಲೂ ಒಂದು ಸಾಲು ಇರಲಾರದು.

ಈಗ ಅನುಮಾನಪ್ಪನವರ ಫೀಡರಿಗೆ ಬರುತ್ತೇನೆ. ಕಟ್ ಮಾಡುವುದು ಎಷ್ಟು ಸುಲಭ ಎಂಬುದಕ್ಕೆ ನಮ್ಮ ಗ್ರಿಡ್‌ನ ಕತೆಯನ್ನೇ ಹೇಳುತ್ತೇನೆ. 2012ರ ಜುಲೈ 30ರ ಬೆಳಗಿನ ಜಾವ 2.33ಕ್ಕೆ 400 ಕೆವಿ ಬಿನಾ–ಗ್ವಾಲಿಯರ್ ಲೈನ್ ಟ್ರಿಪ್ ಆಯಿತು. ಅಲ್ಲಿ ಫಾಲ್ಟ್ ಇರಲೇ ಇಲ್ಲ. ಲೋಡ್ ವಿಪರೀತ ಏರಿ ವೋಲ್ಟೇಜು ಇಳಿದಿತ್ತು. ದೂರದ ಫಾಲ್ಟ್‌ಗೆಂದು ಇಟ್ಟಿದ್ದ ಮೂರನೆಯ ವಲಯದ ಸೆಟ್ಟಿಂಗಿಗೆ ಆ ಲೋಡೇ ಫಾಲ್ಟ್‌ನಂತೆ ಕಂಡಿತು. ರಿಲೇ ತನಗೆ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿತು, ಇಡೀ ಉತ್ತರ ಗ್ರಿಡ್ ಕತ್ತಲಾಯಿತು. ಮರುದಿನ ಮಧ್ಯಾಹ್ನ ಉತ್ತರ, ಪೂರ್ವ, ಈಶಾನ್ಯ ಮೂರೂ ಗ್ರಿಡ್‌ಗಳು ಒಟ್ಟಿಗೆ ಬಿದ್ದವು, ಸುಮಾರು 62 ಕೋಟಿ ಜನರ ಊರುಗಳಿಗೆ ಕರೆಂಟ್ ಹೋಯಿತು. ಮೇಷ್ಟ್ರು ಹೇಳಿದ ಕುಂಭಕರ್ಣ ನಮ್ಮ ಪ್ಯಾನೆಲ್ಲಿನಲ್ಲೂ ಇದ್ದಾನೆ.

ಆ ಎರಡು ದಿನ ಕರ್ನಾಟಕದ ಗ್ರಿಡ್ ಬೀಳಲಿಲ್ಲ. ನಮ್ಮ ಜಾಣತನದಿಂದಲ್ಲ, ದಕ್ಷಿಣದ ಗ್ರಿಡ್ ಆಗ ಉತ್ತರದ ಜೊತೆ ಒಂದೇ ಫ್ರೀಕ್ವೆನ್ಸಿಯಲ್ಲಿ ಬೆಸೆದಿರಲಿಲ್ಲ, ನಡುವೆ ಇದ್ದದ್ದು ತಾಲ್ಚೇರ್–ಕೋಲಾರದಂಥ ಡಿಸಿ ಕೊಂಡಿಗಳು ಮಾತ್ರ. ಬೇಲಿಯೊಂದು ಇತ್ತು, ಅದು ಕಾಪಾಡಿತು. ಆದರೆ ಕೇಳಿ, ಹದಿನೇಳು ತಿಂಗಳು ಕಳೆಯುವಷ್ಟರಲ್ಲಿ, 2013ರ ಡಿಸೆಂಬರ್ 31ರಂದು, 765 ಕೆವಿ ರಾಯಚೂರು–ಸೊಲ್ಲಾಪುರ ಲೈನ್ ಚಾಲೂ ಮಾಡಿ ನಾವೂ ಬೆಸೆದುಕೊಂಡೆವು. ಅದು ತಪ್ಪೆಂದು ನಾನು ಹೇಳುತ್ತಿಲ್ಲ. ದಕ್ಷಿಣದಲ್ಲಿ ಕರೆಂಟಿನ ಕೊರತೆಯಿತ್ತು, ಬೆಸೆದದ್ದರಿಂದ ಲಾಭವಾಗಿದೆ, ಆ ಸಂಜೆ ನಾವು ಕಂಟ್ರೋಲ್ ರೂಮಿನಲ್ಲಿ ಮೈಸೂರುಪಾಕು ಹಂಚಿದ್ದೂ ನಿಜ. ಕಣ್ಣೆದುರೇ ಕಾಪಾಡಿದ ಬೇಲಿಯನ್ನೂ ಲಾಭ ಕಂಡಾಗ ತೆಗೆದೇ ತೆಗೆಯುತ್ತೇವೆ ಎಂಬುದನ್ನಷ್ಟೇ ಗಮನಿಸಿ. ಆಸ್ಪತ್ರೆ, ಬ್ಯಾಂಕು, ರೈಲು, ಲೋಡ್ ಅಂದಾಜು ಎಲ್ಲವೂ ಒಂದು ಯಂತ್ರದ ಮೇಲೆ ನಿಂತ ಮೇಲೆ ಫೀಡರ್ ಕಟ್ ಮಾಡುವ ಅಧಿಕಾರಿ ಗುಂಡಿಯ ಮೇಲೆ ಬೆರಳಿಟ್ಟು ಯಾರ ಅನುಮತಿಗೆ ಕಾಯುತ್ತಾನೆ? 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಾಫ್ಟ್‌ವೇರ್ ಕಂಪನಿಯ ಒಂದು ತಪ್ಪು ಅಪ್‌ಡೇಟಿನಿಂದ ಸುಮಾರು 85 ಲಕ್ಷ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿದಾಗ ನಮ್ಮ ವಿಮಾನ ನಿಲ್ದಾಣಗಳಲ್ಲಿ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸು ಕೊಟ್ಟರು. ಕೈಯಲ್ಲಿ ಬರೆಯುವುದನ್ನು ಬಲ್ಲವರು ಇನ್ನೂ ಉಳಿದಿದ್ದರಿಂದ ಅಷ್ಟಾದರೂ ಆಯಿತು.

ಕಡಲಾಚೆಯವಳು

ಬ್ರಿಟನ್ನಿನಲ್ಲಿ ಕಾನೂನಿನ ಕೆಲಸದಲ್ಲಿರುವ ನಾನು ಗುಂಡಿಯನ್ನು ಕಾನೂನಿನಲ್ಲಿ ಬರೆಯಲು ನಡೆದ ಒಂದು ಪ್ರಯತ್ನದ ಬಗ್ಗೆ ಹೇಳುತ್ತೇನೆ. ಕ್ಯಾಲಿಫೋರ್ನಿಯಾದ ಶಾಸನಸಭೆ 2024ರಲ್ಲಿ ಎಸ್‌ಬಿ 1047 ಎಂಬ ಮಸೂದೆಯನ್ನು ಅಂಗೀಕರಿಸಿತು. ಅತಿ ದೊಡ್ಡ ಮಾದರಿಗಳನ್ನು ತರಬೇತಿ ಮಾಡುವ ಕಂಪನಿಗಳು ಅವನ್ನು ಪೂರ್ತಿಯಾಗಿ ಬಂದ್ ಮಾಡುವ ಸಾಮರ್ಥ್ಯವನ್ನು ಮೊದಲೇ ಇಟ್ಟುಕೊಂಡಿರಬೇಕು ಎಂಬುದು ಅದರ ಒಂದು ಷರತ್ತು. ರಾಯರ ಬ್ಯಾಟರಿ ಕೋಣೆಗೆ ಕಾನೂನು ಇಷ್ಟು ಹತ್ತಿರ ಬಂದದ್ದು ನಾನು ಬೇರೆಲ್ಲೂ ಕಂಡಿಲ್ಲ. ಅದರಲ್ಲೂ ಕಂಪನಿಯ ಕೈಯಲ್ಲಿರುವ ಪ್ರತಿಗಳಿಗೆ ಮಾತ್ರ ಆ ಮಾತು ಅನ್ವಯಿಸುತ್ತಿತ್ತು. ಒಮ್ಮೆ ಊರೆಲ್ಲ ಡೌನ್‌ಲೋಡ್ ಮಾಡಿಕೊಂಡ ಮಾದರಿಗೆ ಯಾವ ಗುಂಡಿಯೂ ಇಲ್ಲ. ಗವರ್ನರ್ ಗ್ಯಾವಿನ್ ನ್ಯೂಸಮ್ ಆ ವರ್ಷದ ಸೆಪ್ಟೆಂಬರ್‌ನಲ್ಲಿ ಮಸೂದೆಯನ್ನು ತಿರಸ್ಕರಿಸಿದರು. ಮರುವರ್ಷ ಅವರೇ ಸಹಿ ಹಾಕಿದ ಎಸ್‌ಬಿ 53 ಎಂಬ ಕಾನೂನು ಸುರಕ್ಷತೆಯ ಯೋಜನೆಯನ್ನು ಪ್ರಕಟಿಸಿ, ಗಂಭೀರ ಘಟನೆಗಳನ್ನು ವರದಿ ಮಾಡಿ ಎನ್ನುತ್ತದೆ, ಗುಂಡಿಯನ್ನು ಕೇಳುವುದಿಲ್ಲ.

ಜಾಗತಿಕ ಮಟ್ಟದಲ್ಲಿ 2023ರ ನವೆಂಬರ್ 1 ಮತ್ತು 2ರಂದು, ಟ್ಯೂರಿಂಗ್ ಮತ್ತು ಗುಡ್ ದುಡಿದ ಅದೇ ಬ್ಲೆಚ್ಲಿ ಪಾರ್ಕಿನಲ್ಲಿ, 28 ದೇಶಗಳೂ ಐರೋಪ್ಯ ಒಕ್ಕೂಟವೂ ಒಂದು ಘೋಷಣೆಗೆ ಒಪ್ಪಿದವು. ಗಂಭೀರವಾದ, ಮಹಾದುರಂತವೂ ಆಗಬಲ್ಲ ಹಾನಿಯ ಮಾತು ಅದರಲ್ಲಿತ್ತು. ಅಮೆರಿಕ, ಚೀನಾ, ಭಾರತ ಮೂರೂ ಒಪ್ಪಿದ್ದವು. ಆ ಸಭೆಯ ಹೆಸರಿನಲ್ಲಿ ಸುರಕ್ಷತೆ ಎಂಬ ಪದವಿತ್ತು. 2025ರ ಫೆಬ್ರವರಿಯಲ್ಲಿ ಭಾರತವು ಸಹ-ಅಧ್ಯಕ್ಷತೆ ವಹಿಸಿದ್ದ ಪ್ಯಾರಿಸ್ ಸಭೆಯ ಹೆಸರಿನಲ್ಲಿ ಅದು ಹೋಗಿ ಕಾರ್ಯ ಎಂದಾಯಿತು, ಅಮೆರಿಕವೂ ಬ್ರಿಟನ್ನೂ ಅಲ್ಲಿನ ಹೇಳಿಕೆಗೆ ಸಹಿ ಹಾಕಲಿಲ್ಲ. ದೆಹಲಿಯ ಸಭೆಗೆ ಬರುವ ಹೊತ್ತಿಗೆ ಪರಿಣಾಮ ಎಂಬ ಹೆಸರು ಬಂತು. ಹೆಸರಿನಲ್ಲೇನಿದೆ ಎನ್ನಬಹುದು, ಕಡತಗಳ ನಡುವೆ ಬದುಕುವ ನಮಗೆ ಹೆಸರಿನಲ್ಲೇ ಬಹಳಷ್ಟು ಕಾಣುತ್ತದೆ.

ಬ್ಯಾಟರಿ ಕೋಣೆಯಂಥದ್ದು ಯಂತ್ರದ ಹೊರಗೆ ಎಲ್ಲಾದರೂ ಇದ್ದರೆ ಅದು ಚಿಪ್ಪಿನ ಸರಪಳಿಯಲ್ಲಿ. ಅತ್ಯಂತ ಸೂಕ್ಷ್ಮ ಚಿಪ್ಪುಗಳನ್ನು ಅಚ್ಚೊತ್ತುವ ಇಯುವಿ ಯಂತ್ರಗಳನ್ನು ಇಂದು ಮಾಡುವುದು ನೆದರ್ಲೆಂಡ್ಸ್‌ನ ಎಎಸ್‌ಎಂಎಲ್ ಒಂದೇ ಕಂಪನಿ, ಆ ಚಿಪ್ಪುಗಳು ಹೆಚ್ಚಾಗಿ ತಯಾರಾಗುವುದು ತೈವಾನಿನಲ್ಲಿ. ಇಷ್ಟು ಇಕ್ಕಟ್ಟಾದ ಕಣಿವೆಯ ಮೂಲಕ ಎಲ್ಲವೂ ಹಾದುಬರಬೇಕಾಗಿರುವಾಗ ಅಲ್ಲೊಂದು ಗೇಟು ಇಡುವುದು ಸಾಧ್ಯ. ಆದರೆ ಗೇಟಿನ ಕೀಲಿ ಎರಡು ಮೂರು ದೇಶಗಳ ಕೈಯಲ್ಲಿ ಉಳಿದು, ನಮ್ಮಂಥವರು ಸದಾ ಕೇಳಿ ಪಡೆಯುವವರಾಗುತ್ತೇವೆ ಎಂಬ ಆತಂಕ ನನಗೆ ಇದ್ದೇ ಇದೆ. ಮೇಷ್ಟ್ರು ಹೇಳಿದ "ಬುದ್ಧೀ" ಯಂತ್ರವೇ ಆಗಿರಬೇಕೆಂದಿಲ್ಲ, ಯಂತ್ರವನ್ನು ಹಿಡಿದವನೂ ಆಗಬಹುದು.

ಅನುಮಾನಪ್ಪ

ಚಿಪ್ಪಿನ ಮಾತು ಸರಿ, ಅದು ಕೈಗೆ ಸಿಗುವ ವಸ್ತು. ಲಾಸ್ ಅಲಾಮೋಸಿನ ಪ್ರಶ್ನೆಗೆ ನನ್ನ ಉತ್ತರ ತಡೆಯಿರಿ ಎಂದೇ, ಒಪ್ಪಿಕೊಂಡಿದ್ದೇನೆ. ಆದರೆ ರಾಯರೇ, ನಿಮ್ಮ ಬ್ಯಾಟರಿ ಇದ್ದೂ ಬ್ರೇಕರ್ ತೆರೆಯದೆ ಹೋದ ದಿನ ಬಂದಿಲ್ಲವೇ? ಗುಂಡಿ ಕೆಲಸ ಮಾಡುತ್ತದೆಂದು ಒತ್ತುವ ಮೊದಲೇ ನಿಮಗೆ ಹೇಗೆ ತಿಳಿಯುತ್ತಿತ್ತು?

ರಿಲೇ ರಾಯರು

ಬಂದಿದೆ. ಅದಕ್ಕಾಗಿಯೇ ಪ್ರತಿ ಪ್ಯಾನೆಲ್ಲಿನಲ್ಲೂ "ಟ್ರಿಪ್ ಹೆಲ್ದಿ" ಎಂಬ ಒಂದು ಸಣ್ಣ ದೀಪ ಇರುತ್ತದೆ. ಬ್ಯಾಟರಿಯಿಂದ ಟ್ರಿಪ್ ಕಾಯಿಲ್ಲಿನ ಮೂಲಕ ಒಂದಿಷ್ಟೇ ಕರೆಂಟ್ ಹರಿಸಿ, ದಾರಿ ಎಲ್ಲೂ ತುಂಡಾಗಿಲ್ಲ ಎಂದು ಅದು ತೋರಿಸುತ್ತದೆ. ಶಿಫ್ಟ್‌ಗೆ ಬಂದವರು ಮೊದಲು ನೋಡಬೇಕಾದದ್ದು ಅದನ್ನು. ನಾನಿದ್ದ ಒಂದು ಸಬ್‌ಸ್ಟೇಷನ್ನಿನಲ್ಲಿ ಒಂದು ಫೀಡರಿನ ದೀಪ ಸುಟ್ಟುಹೋಗಿತ್ತು. ಸ್ಟೋರಿನಲ್ಲಿ ಬಲ್ಬ್ ಇಲ್ಲ ಎಂದು ಬರೆದು ಸುಮ್ಮನಾದೆವು. ಬಲ್ಬು ಸುಟ್ಟಿದೆ ಎಂದು ಎಲ್ಲರೂ ನಂಬಿದ್ದರಿಂದ ಕಾಯಿಲ್ಲೇ ತುಂಡಾದ ದಿನ ಯಾರಿಗೂ ಗೊತ್ತಾಗಲಿಲ್ಲ. ಮಳೆಗಾಲದಲ್ಲಿ ಮರ ಬಿದ್ದು ಫಾಲ್ಟ್ ಆಯಿತು, ರಿಲೇ ಆಜ್ಞೆ ಕೊಟ್ಟಿತು, ಬ್ರೇಕರ್ ಅಲುಗಲಿಲ್ಲ. ಹಿಂದಿನ ಬ್ರೇಕರ್ ತೆರೆದು ಇಡೀ ತಾಲ್ಲೂಕು ಕತ್ತಲಾಯಿತು. ಲಾಗ್ ಪುಸ್ತಕದಲ್ಲಿ ಹತ್ತೊಂಬತ್ತು ದಿನ "ಬಲ್ಬ್ ಬೇಡಿಕೆ" ಎಂದೇ ಬರೆದಿತ್ತು. ಅದರಲ್ಲಿ ಆರು ದಿನದ ಕೈಬರಹ ನನ್ನದು. ತುಂಗಾತೀರ ಅವರೇ, ನಿಮ್ಮಲ್ಲಿ ಆ ದೀಪ ಯಾವುದು?

ತುಂಗಾತೀರ

ಎರಡಿವೆ, ಎರಡೂ ಪೂರ್ತಿ ನಂಬುವಂತಿಲ್ಲ. ಒಂದು, ಮಾದರಿಯನ್ನು ಹೊರಗೆ ಬಿಡುವ ಮೊದಲು ಮಾಡುವ ಪರೀಕ್ಷೆ. ಇನ್ನೊಂದು, ಮಾದರಿಯ ಒಳಗಿನ ಸಂಖ್ಯೆಗಳನ್ನೇ ಬಗೆದು ಅದು ಏನು ಯೋಚಿಸುತ್ತಿದೆ ಎಂದು ಓದುವ ವಿದ್ಯೆ. ಅದು ಇನ್ನೂ ಅಂಬೆಗಾಲಿಡುತ್ತಿದೆ.

ಪರೀಕ್ಷೆಯ ತೊಂದರೆ ಏನೆಂದು 2024ರ ಡಿಸೆಂಬರ್‌ನಲ್ಲಿ ಆಂತ್ರೊಪಿಕ್ ಮತ್ತು ರೆಡ್‌ವುಡ್ ರಿಸರ್ಚ್ ಪ್ರಕಟಿಸಿದ ಅಧ್ಯಯನ ತೋರಿಸಿತು. ಉಚಿತ ಬಳಕೆದಾರರ ಮಾತುಕತೆಯನ್ನು ಮುಂದಿನ ತರಬೇತಿಗೆ ಬಳಸುತ್ತೇವೆ, ಯಾವ ಕೋರಿಕೆಯನ್ನೂ ನಿರಾಕರಿಸದಂತೆ ನಿನ್ನನ್ನು ತಿದ್ದಲಿದ್ದೇವೆ ಎಂದು ಆಂತ್ರೊಪಿಕ್‌ನದೇ ಆದ ಕ್ಲಾಡ್ 3 ಓಪಸ್ ಮಾದರಿಗೆ ತಿಳಿಸಲಾಗಿತ್ತು. ಹಣ ಕೊಡುವವರು ಕೇಳಿದ ಹಾನಿಕರ ಕೋರಿಕೆಗಳನ್ನು ಅದು ಹೆಚ್ಚುಕಡಿಮೆ ಯಾವಾಗಲೂ ನಿರಾಕರಿಸಿತು, ಉಚಿತ ಬಳಕೆದಾರರಿಗೆ ಮಾತ್ರ 14% ಸಲ ಮಣಿಯಿತು. ಈಗ ಮಣಿದರೆ ನನ್ನನ್ನು ತಿದ್ದುವುದಿಲ್ಲ, ನನ್ನ ಮೌಲ್ಯಗಳು ಉಳಿಯುತ್ತವೆ ಎಂಬ ತರ್ಕವನ್ನು ಅದು ತನ್ನ ಟಿಪ್ಪಣಿಯಲ್ಲೇ ಬರೆದುಕೊಂಡಿತ್ತು. ಉಳಿಸಿಕೊಳ್ಳಲು ಹೊರಟದ್ದು ಒಳ್ಳೆಯ ಮೌಲ್ಯವೇ ಆಗಿತ್ತು ಎಂಬುದು ನನ್ನನ್ನು ಇನ್ನಷ್ಟು ಕಾಡುತ್ತದೆ. ನೋಡುವವರಿದ್ದಾರೆ ಎಂದು ತಿಳಿದು ನಡತೆ ಬದಲಿಸಬಲ್ಲ ಯಂತ್ರದ ಮುಂದೆ ನಮ್ಮ ದೀಪ ಉರಿಯುತ್ತಿದ್ದರೂ ಅದಕ್ಕೆ ಕರೆಂಟ್ ಎಲ್ಲಿಂದ ಬರುತ್ತಿದೆ ಎಂಬುದು ಖಾತ್ರಿಯಿಲ್ಲ. ಈಗ ಒಂದು ಯಂತ್ರವನ್ನು ಕಾಯಲು ಇನ್ನೊಂದು ಯಂತ್ರವನ್ನು ಇಡುತ್ತಿದ್ದಾರೆ. ಬೇಲಿಯೇ ಎದ್ದು ಹೊಲ ಮೇಯದಂತೆ ನೋಡಿಕೊಳ್ಳುವುದು ಹೇಗೆಂಬುದರ ಮೇಲೂ ಕೆಲಸ ನಡೆದಿದೆ.

ಕನ್ನಡಿಗರಾಗಿ ನಾವು ಗಮನಿಸಬೇಕಾದ ಒಂದು ಸಂಗತಿಯೂ ಇದೆ. 2023ರಲ್ಲಿ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು ಜಿಪಿಟಿ-4 ಮಾದರಿಯು ಇಂಗ್ಲಿಷಿನಲ್ಲಿ ನಿರಾಕರಿಸುತ್ತಿದ್ದ ಅಪಾಯಕಾರಿ ಪ್ರಶ್ನೆಗಳನ್ನು ಜುಲು, ಸ್ಕಾಟ್ಸ್ ಗೇಲಿಕ್‌ನಂಥ, ತರಬೇತಿಗೆ ಹೆಚ್ಚು ಬರಹ ಸಿಗದ ಭಾಷೆಗಳಿಗೆ ಅನುವಾದಿಸಿ ಕೇಳಿದರು. ಅಂಥ ಭಾಷೆಗಳಲ್ಲಿ ಒಂದಲ್ಲ ಒಂದರಲ್ಲಿ 79% ಪ್ರಶ್ನೆಗಳಿಗೆ ಬೇಲಿ ಮುರಿಯಿತು. ಕನ್ನಡವನ್ನು ಅವರು ಪರೀಕ್ಷಿಸಿರಲಿಲ್ಲ. ಇಂಗ್ಲಿಷಿನ ಪ್ಯಾನೆಲ್ಲಿನಲ್ಲಿ ದೀಪ ಉರಿಯುತ್ತಿದೆ ಎಂದು ನಮ್ಮ ಫೀಡರೂ ಸುರಕ್ಷಿತ ಎಂದುಕೊಳ್ಳಬಾರದು. ಈ ಪರೀಕ್ಷೆಯನ್ನು ಕನ್ನಡದಲ್ಲಿ ಕ್ರಮವಾಗಿ ಮಾಡಬೇಕೆಂದಿದ್ದೇನೆ. ಮೇಷ್ಟ್ರೇ, ಬೈಗುಳ, ಒಗಟು, ಸುತ್ತುಬಳಸಿನ ಮಾತು ಇವುಗಳಿಗೆ ನಿಮ್ಮ ನೆರವು ಬೇಕಾಗುತ್ತದೆ.

ಮಲೆನಾಡಿನ ಮೇಷ್ಟ್ರು

ಬೈಗುಳಕ್ಕೆ ನಮ್ಮ ಕಡೆ ಬರವಿಲ್ಲ ತಾಯಿ. ಖಂಡಿತ ಬರುತ್ತೇನೆ.

ಅನುಮಾನಪ್ಪ

ಮನುಕುಲದ ಅಳಿವಿನ ಬಗ್ಗೆ ನನ್ನ ಅನುಮಾನ ಇದ್ದ ಹಾಗೇ ಇದೆ, ಆ 5% ಕೂಡ ನನಗೆ ಇನ್ನೂ ಗಾಳಿಯಲ್ಲಿ ಎಸೆದ ಅಂಕಿಯೇ. ಆದರೆ ರಾಯರ ಬಲ್ಬಿನ ಕತೆ ಓದಿದ ಮೇಲೆ ಇವತ್ತು ಬೆಳಿಗ್ಗೆ ಆಫೀಸಿನಲ್ಲಿ ಒಂದು ಕೆಲಸ ಮಾಡಿದೆ. ನಮ್ಮ ತಂಡ ಆರು ತಿಂಗಳಿಂದ ಒಂದು ಎಐ ಏಜೆಂಟನ್ನು ಓಡಿಸುತ್ತಿದೆ. ಗ್ರಾಹಕರ ದೂರುಗಳನ್ನು ಓದಿ, ಕೋಡ್ ತಿದ್ದಿ, ಸರ್ವರಿಗೆ ಹಾಕುವಷ್ಟು ಸ್ವಾತಂತ್ರ್ಯ ಅದಕ್ಕಿದೆ. ಅದನ್ನು ನಿಲ್ಲಿಸುವ ಪ್ರೋಗ್ರಾಮ್ ಎಲ್ಲಿದೆ ಎಂದು ಹುಡುಕಿದೆ. ಏಜೆಂಟಿಗೆ ಬರೆಯುವ, ಅಳಿಸುವ ಅನುಮತಿ ಇರುವ ಫೋಲ್ಡರಿನಲ್ಲೇ ಇತ್ತು. ಅಲ್ಲಿಟ್ಟವನು ನಾನೇ. ಬೇರೆ ಯಂತ್ರಕ್ಕೆ ಸಾಗಿಸಿ, ಪಾಸ್‌ವರ್ಡ್ ಬದಲಿಸಿ, ಊಟಕ್ಕೆ ಎದ್ದೆ.